ಗಣಿತದ ಪುಸ್ತಕಕ್ಕೆ ಪರಸ್ಥಾನ

ಆಗ ಚೆನ್ನೈ ಪಕ್ಕದ ಎಣ್ಣೂರಿನಲ್ಲಿ ಬಟ್ಟೆ ಒಣಹಾಕುವ ಮುಂಚೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಬೇಕಿತ್ತು. ಕಡಲ ಕಡೆಯಿಂದ ಬಂದರೆ ಮೀನಿನ ವಾಸನೆ, ವಿದ್ಯುತ್ ಸ್ಥಾವರದ ಕಡೆಯಿಂದ ಬಂದರೆ ಬೂದಿ. ನನ್ನ ಬಿಳಿ ಯೂನಿಫಾರಂ ಎರಡನ್ನೂ ಹೊತ್ತುಕೊಂಡೇ ಶಾಲೆಗೆ ಹೋಗುತ್ತಿತ್ತು. ಇಸವಿ ಎರಡು ಸಾವಿರ ಆಗಷ್ಟೇ ದಾಟಿತ್ತು. ಅಪ್ಪ ಅಲ್ಲೇ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ನಂಜನಗೂಡಿನ ಕಡೆಯಿಂದ ಅಮ್ಮ, ಅಜ್ಜಿ, ನನ್ನನ್ನು ಕರೆತಂದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಇಳಿಸಿದ್ದರು. ಅವರೆಲ್ಲ ಮನೆಯಲ್ಲಿ ಊರಿನ ಕನ್ನಡವನ್ನೇ ಆಡುತ್ತಿದ್ದರು. ನಾನು ಮಾತ್ರ ಅರ್ಧ ಕನ್ನಡಕ್ಕೆ ಅರ್ಧ ತಮಿಳು ಬೆರೆಸಿ ಉತ್ತರ ಕೊಡುತ್ತಿದ್ದೆ. "ಇವಳ ಮಾತು ಹುಳಿಗೆ ಪಾಯಸ ಸುರಿದಂಗೆ" ಎಂದು ಅಜ್ಜಿ ಗೊಣಗುತ್ತಿದ್ದಳು.

ನಾನು ಹತ್ತನೆಯ ಕ್ಲಾಸಿನಲ್ಲಿದ್ದೆ. ತಮಿಳುನಾಡಿನಲ್ಲಿ ಹತ್ತನೆಯದರ ಅಂಕ ನೋಡಿ ಹನ್ನೊಂದನೆಯದಕ್ಕೆ ಗ್ರೂಪ್ ಹಂಚುತ್ತಾರೆ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಸೇರಿದರೆ ಫಸ್ಟ್ ಗ್ರೂಪ್. ನನಗೆ ಅದೇ ಬೇಕಿತ್ತು, ಬೇರೆ ಯಾವುದೂ ಬೇಡ. ಬಂದರಿನ ಕ್ರೇನುಗಳು ನಮ್ಮ ತಾರಸಿಗೆ ಕಾಣುತ್ತಿದ್ದವು. ಅಷ್ಟೆತ್ತರದ್ದು ಬೀಳದೆ ಹೇಗೆ ನಿಲ್ಲುತ್ತದೆ ಎಂದು ನೋಡುತ್ತ ನೋಡುತ್ತ, ಅಂಥದ್ದೊಂದನ್ನು ನಾನೂ ಕಟ್ಟುತ್ತೇನೆ ಎಂದು ಯಾರಿಗೂ ಹೇಳದೆ ತೀರ್ಮಾನ ಮಾಡಿಬಿಟ್ಟಿದ್ದೆ. ಹಾಗೆ ತೀರ್ಮಾನ ಮಾಡಿದವಳು ಕ್ವಾರ್ಟರ್ಲಿ ಪರೀಕ್ಷೆಯಲ್ಲಿ ಗಣಿತದಲ್ಲಿ ಫೇಲಾದೆ. ಪ್ರಶ್ನೆಪತ್ರಿಕೆಯೇ ಸರಿ ಇರಲಿಲ್ಲ ಎಂದು ಮನೆಯಲ್ಲಿ ವಾದಿಸಿದೆ. "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದು ಅಜ್ಜಿ ಅಲ್ಲಿಗೇ ಮುಗಿಸಿದಳು.

ಕ್ವಾರ್ಟರ್ಸಿನ ಮಕ್ಕಳೆಲ್ಲ ಸಂಜೆ ಬಸ್ಸು ಹತ್ತಿ ತಿರುವೊಟ್ಟಿಯೂರಿಗೆ ಟ್ಯೂಷನ್ನಿಗೆ ಹೋಗುತ್ತಿದ್ದರು. ಅಪ್ಪನಿಗೆ ಶಿಫ್ಟ್ ಕೆಲಸ, ಕರೆದುಕೊಂಡು ಬರುವವರಿಲ್ಲ. ಕತ್ತಲಾದ ಮೇಲೆ ಹೆಣ್ಣುಮಗಳು ಒಬ್ಬಳೇ ಬಸ್ಸಿನಲ್ಲಿ ಬರುವುದು ಬೇಡ ಎಂದುಬಿಟ್ಟರು. ಹಾಗಾಗಿ ನಮ್ಮ ಹೆಡ್‌ಮಿಸ್ಟ್ರೆಸ್ ಅರಸಿ ಮೇಡಂ ಒಂದು ದಿನ ಅಸೆಂಬ್ಲಿಯಲ್ಲಿ, "ಹತ್ತನೆಯ ಕ್ಲಾಸಿಗೆ ದಿನಕ್ಕೊಂದು ಗಣಿತದ ಪಿರಿಯಡ್ ಜಾಸ್ತಿ ಮಾಡೋಣವಾ?" ಎಂದಾಗ ಇಡೀ ಸಾಲು ನರಳಿತು, ನನಗೊಬ್ಬಳಿಗೆ ಹಾಲು ಕುಡಿದಷ್ಟು ಖುಷಿಯಾಯಿತು.

ಅರಸಿ ಮೇಡಂ ಹಣೆಗೆ ಕುಂಕುಮ ಇಡುತ್ತಿರಲಿಲ್ಲ, ದೇವರು ದಿಂಡರು ಎನ್ನುತ್ತಿರಲಿಲ್ಲ, ಗಂಜಿ ಹಾಕಿದ ಹತ್ತಿ ಸೀರೆಯಷ್ಟೇ ಖಡಕ್ಕಾಗಿದ್ದರು. ಆದರೆ ಕೇಳದೆ ಏನನ್ನೂ ಹೇರುತ್ತಿರಲಿಲ್ಲ. ಅವತ್ತು ಮಧ್ಯಾಹ್ನವೇ ಟೀಚರುಗಳನ್ನೂ ಕರೆದುಕೊಂಡು ನಮ್ಮ ಕ್ಲಾಸಿಗೆ ಬಂದು, "ಒಬ್ಬೊಬ್ಬರಾಗಿ ಹೇಳಿ, ಹೆದರಬೇಡಿ" ಎಂದರು. ಸಂಜೆ ಸಾಧ್ಯವಿಲ್ಲ, ಶಾಲೆ ಬಿಟ್ಟ ಕೂಡಲೇ ಟ್ಯೂಷನ್ನಿನ ಬಸ್ಸು ಹೊರಡುತ್ತದೆ, ಮಾಡಿದರೆ ಬೆಳಿಗ್ಗೆ ಏಳೂಮುಕ್ಕಾಲಿಗೇ ಮಾಡಬೇಕು ಎಂಬುದು ಮೊದಲೇ ಗೊತ್ತಾಯಿತು. ಟ್ಯೂಷನ್ನಿಗೆ ಹೋಗುವವರು ಒಂದೇ ಸ್ವರದಲ್ಲಿ ನಿದ್ದೆಯ ಪರ ಮಾತಾಡಿದರು. ನನ್ನ ಪಕ್ಕ ಕೂರುತ್ತಿದ್ದ ಸೆಲ್ವಿ ಮೀನುಗಾರರ ಕೇರಿ ಕುಪ್ಪಂನವಳು. ಅವಳು ಎದ್ದು, "ಮೇಡಂ, ದೋಣಿ ಬರೋದೇ ಆ ಹೊತ್ತಿಗೆ. ಅಮ್ಮನ ಜೊತೆ ಮೀನು ವಿಂಗಡಿಸಬೇಕು. ಮೀನು ನನಗೋಸ್ಕರ ಕಾಯಲ್ಲ" ಎಂದಳು. ಅದಕ್ಕೆ ಯಾರೂ ನಗಲಿಲ್ಲ.

ಟೀಚರುಗಳಲ್ಲೂ ಒಮ್ಮತವಿರಲಿಲ್ಲ. ತಮಿಳು ಹೇಳಿಕೊಡುತ್ತಿದ್ದ ಅಯ್ಯಾ ಲೋಕಲ್ ರೈಲು ಹಿಡಿದು ದೂರದಿಂದ ಬರುತ್ತಿದ್ದವರು. "ಹೊಟ್ಟೆ ತುಂಬಿದವನಿಗೆ ಮತ್ತೆ ಬಡಿಸಿದರೆ ಎಲೆ ಮೇಲೇ ಉಳಿಯುತ್ತೆ" ಎಂದರು. ಪಿ.ಟಿ. ಮಾಸ್ತರರಂತೂ ತುಂಬಾ ದಿನದ ಸಿಟ್ಟು ತೀರಿಸಿಕೊಂಡರು. "ನನ್ನ ಪಿರಿಯಡ್ಡನ್ನೆಲ್ಲ ಗಣಿತಕ್ಕೇ ಕೊಟ್ಟಿದ್ದೀನಿ. ಈ ಮಕ್ಕಳು ಚೆಂಡು ಮುಟ್ಟಿ ಎಷ್ಟು ದಿನವಾಯಿತೋ. ಅದು ವಾಪಸ್ ಕೊಟ್ಟರೆ ಒಪ್ಪುತ್ತೀನಿ" ಎಂದರು. ಗಣಿತದ ತಂಗಂ ಮಿಸ್ ಕೊನೆಗೆ ಮಾತಾಡಿದರು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಇಬ್ಬರು ಚಿಕ್ಕ ಮಕ್ಕಳು ಇದ್ದವರು. "ನಾನು ಬರ್ತೀನಿ. ಪಿ.ಟಿ. ಪಿರಿಯಡ್ ಮುಟ್ಟಲ್ಲ. ಸೆಲ್ವಿ ಎಷ್ಟು ಹೊತ್ತಿಗೆ ಬಂದರೂ ಅವಳಿಗೆ ಬಿಟ್ಟುಹೋದದ್ದನ್ನು ಊಟದ ಹೊತ್ತಲ್ಲಿ ಹೇಳಿಕೊಡ್ತೀನಿ" ಎಂದರು, ಅಷ್ಟೇ.

ಮೇಡಂ ತೀರ್ಪು ಕೊಟ್ಟರು: "ಬರುವ ಸೋಮವಾರ ಶುರು ಮಾಡೋಣ. ಬಲವಂತವಿಲ್ಲ. ಅವತ್ತು ಅರ್ಧ ಕ್ಲಾಸಾದರೂ ಬಂದರೆ ವರ್ಷಪೂರ್ತಿ ನಡೆಯುತ್ತೆ. ಬರದಿದ್ದರೆ ಈ ಮಾತು ಇಲ್ಲಿಗೇ ಬಿಟ್ಟೆವು."

ಸೋಮವಾರ ಏಳೂಮುಕ್ಕಾಲು. ಮೇಡಂ ಬಾಯಿಂದ ಬಂದ ಆ ಹೊತ್ತು ಎಂಥದ್ದೆಂದು ಆ ಕ್ಷಣಕ್ಕೆ ನನಗೆ ಹೊಳೆಯಲಿಲ್ಲ. ಮನೆಗೆ ಬಂದು ಹೇಳಿದ ಕೂಡಲೇ ಅಜ್ಜಿಗೆ ಹೊಳೆಯಿತು. ಗೋಡೆಯ ಕ್ಯಾಲೆಂಡರಿನ ತಮಿಳು ಅವಳಿಗೆ ಓದಲು ಬರದು, ಆದರೆ ವಾರದ ಏಳೂ ದಿನದ ರಾಹುಕಾಲ ಬಾಯಿಪಾಠ.

"ಸೋಮ್ವಾರ ಏಳೂವರೆಯಿಂದ ಒಂಬತ್ತರ ತನಕ ರಾಹುಕಾಲ ಕಣೇ. ಆ ಹೊತ್ನಲ್ಲಿ ನಾನು ಹೊಸ ಪೊರಕೆ ಕೂಡ ಮುಟ್ಟಲ್ಲ. ನೀನು ಹೊಸ ಪಾಠ ಶುರು ಮಾಡ್ತೀಯಾ?"

"ಅಜ್ಜಿ, ಅರ್ಧ ಕ್ಲಾಸ್ ವರಲೇನಾ... ಬರದಿದ್ರೆ ಪಿರಿಯಡ್ಡೇ ಕ್ಯಾನ್ಸಲ್."

"ಬುಧವಾರ ಇಟ್ಕೊಳ್ಳಿ ಅಂತ ಹೇಳು ನಿಮ್ಮ ಮೇಡಮ್ಮಂಗೆ. ಒಂದೆರಡು ದಿನಕ್ಕೆ ಗಣಿತ ಏನು ಓಡಿಹೋಗುತ್ತಾ?"

ಮಾರನೆಯ ದಿನ ಶಾಲೆಗೆ ಹೋದರೆ ಎಲ್ಲರ ಮನೆಯಲ್ಲೂ ಅದೇ ಕಥೆ. ಬರಲು ಒಪ್ಪಿದ್ದವರ ಅಮ್ಮಂದಿರೂ ರಾಹುಕಾಲ ಎಂದು ಹಿಂದೆ ಸರಿದಿದ್ದರು. ನಿದ್ದೆಯ ಪಕ್ಷದವರಿಗಂತೂ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನಾನು ಧೈರ್ಯ ಮಾಡಿ ಮೇಡಂ ರೂಮಿಗೆ ಹೋಗಿ, ಬುಧವಾರ ಶುರು ಮಾಡಬಹುದಾ ಎಂದು ಕೇಳಿದೆ. ಯಾಕೆ ಎಂದರು. ಹೇಳಿದೆ.

"ರಾಹುವಿಗೆ ನಾನು ಈ ಶಾಲೆಯಲ್ಲಿ ಅಡ್ಮಿಷನ್ ಕೊಟ್ಟಿಲ್ಲಮ್ಮ" ಎಂದರು ಮೇಡಂ. "ಬುಧವಾರ ಮಾಡಿದರೆ ತಪ್ಪೇನಿಲ್ಲ. ಆದರೆ ಈ ಕಾರಣಕ್ಕೆ ಮಾಡಲ್ಲ."

ಒಂದು ಕಡೆ ಮೇಡಂ, ಇನ್ನೊಂದು ಕಡೆ ಅಜ್ಜಿ. ಇಬ್ಬರೂ ಹಿಡಿದ ಪಟ್ಟು ಬಿಡುವ ಪೈಕಿಯಲ್ಲ. ನಾನೂ ಅಲ್ಲ. ಮನೆಗೆ ಬಂದು ಚೀಲ ಇಳಿಸಿ, "ಸೋಮವಾರ ನಾನು ಹೋಗೇ ಹೋಗ್ತೀನಿ, ನಾನೊಬ್ಬಳೇ ಆದ್ರೂ ಸರಿ" ಎಂದೆ. ಅಮ್ಮ ಅಡುಗೆಮನೆಯಿಂದ ಇಣುಕಿ ಮತ್ತೆ ಒಳಗೆ ಹೋದಳು. ಅಪ್ಪ ಶಿಫ್ಟಿಗೆ ಹೊರಡುತ್ತ, "ನಿಮ್ಮಜ್ಜಿ ಏನು ಹೇಳ್ತಾರೋ ಹಾಗೆ" ಎಂದು ಜಾರಿಕೊಂಡರು. ಅಜ್ಜಿ ಹಿತ್ತಿಲ ಮೆಟ್ಟಿಲ ಮೇಲೆ ಕೂತು ನುಗ್ಗೆಸೊಪ್ಪು ಬಿಡಿಸುತ್ತಿದ್ದಳು.

"ಒಬ್ಬಳೇ ಹೋದ್ರೆ ಪಿರಿಯಡ್ ನಡೆಯಲ್ಲ ಅಂದ್ಯಲ್ಲ. ಮತ್ಯಾಕೆ ಹೋಗ್ತೀಯಾ?"

ನನಗೆ ಅಳು ಬಂತು. ಅಜ್ಜಿ ಸೊಪ್ಪಿನ ಮೊರ ಪಕ್ಕಕ್ಕಿಟ್ಟಳು.

"ಬಾ ಇಲ್ಲಿ. ಒಂದು ಪಿರಿಯಡ್ ಇಲ್ದಿದ್ರೆ ಏನಾಗುತ್ತೆ, ಸರಿಯಾಗಿ ಹೇಳು. ಆ ತಮಿಳು ಬಿಟ್ಟು ನಂಗರ್ಥ ಆಗೋ ಹಾಗೆ ಹೇಳು."

ಪೂರ್ತಿ ಕನ್ನಡದಲ್ಲಿ ಹೇಳಲು ತಡವರಿಸಿದೆ, ಆದರೂ ಹೇಳಿದೆ. ಫಸ್ಟ್ ಗ್ರೂಪ್, ಗಣಿತ, ಕ್ರೇನು. ಕ್ರೇನಿನ ವಿಷಯ ಅವತ್ತಿನ ತನಕ ಯಾರಿಗೂ ಹೇಳಿರಲಿಲ್ಲ. ಅಜ್ಜಿ ನಗುತ್ತಾಳೆಂದು ಹೆದರಿದ್ದೆ. ಅವಳು ನಗಲಿಲ್ಲ. ಕಾಂಪೌಂಡಿನಾಚೆ ಕಾಣುತ್ತಿದ್ದ ಕ್ರೇನಿನ ತುದಿಯನ್ನು ಕಣ್ಣು ಕಿರಿದು ಮಾಡಿ ನೋಡಿದಳು.

"ಅದನ್ನ ಕಟ್ಟೋಕೆ ಗಣಿತ ಬೇಕಾ?"

"ಗಣಿತವೇ ಬೇಕು ಅಜ್ಜಿ."

ಮೊರ ಮತ್ತೆ ಎಳೆದುಕೊಂಡು ಒಂದಷ್ಟು ಸೊಪ್ಪು ಬಿಡಿಸಿದಳು. ಆಮೇಲೆ ತಲೆ ಎತ್ತದೆಯೇ, "ಹಂಗಾದ್ರೆ ಪರಸ್ಥಾನ ಇಟ್ಬಿಡು" ಎಂದಳು.

ಪರಸ್ಥಾನ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಅಜ್ಜಿ ವಿವರಿಸಿದಳು. ಹೊರಡಲೇಬೇಕಾದ ಹೊತ್ತು ಸರಿ ಇಲ್ಲದಿದ್ದರೆ, ಅದಕ್ಕೆ ಮೊದಲೇ ಒಳ್ಳೆಯ ಹೊತ್ತು ನೋಡಿ ನಮ್ಮದೊಂದು ಸಾಮಾನನ್ನು ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು. ಸಾಮಾನು ಹೊರಟಿತೆಂದರೆ ನಾವೂ ಹೊರಟಂತೆಯೇ ಲೆಕ್ಕ. ಆಮೇಲೆ ಯಾವ ಹೊತ್ತಿನಲ್ಲಿ ಹೋದರೂ ಅದು ಶುರುವಲ್ಲ, ಮುಂದುವರಿಕೆ. "ನಿಮ್ಮಪ್ಪ ಈ ಊರಿಗೆ ಕೆಲಸಕ್ಕೆ ಹೊರಟಿದ್ದು ಮಂಗಳವಾರ. ಸೋಮವಾರವೇ ಅವನ ಚೀಲ ಪಕ್ಕದ್ಮನೆ ಜಗಲಿ ಮೇಲಿಟ್ಟಿದ್ದೆ. ಆದ್ರೆ ಒಂದು ಕಟ್ಟುಪಾಡು. ಇಟ್ಟಿದ್ದನ್ನ ಮತ್ತೆ ಮನೆಗೆ ತರಂಗಿಲ್ಲ. ಅಲ್ಲಿಂದ ತಗೊಂಡು ಹಂಗೇ ಮುಂದಕ್ಕೆ ಹೋಗ್ಬೇಕು."

"ಗಣಿತದ ಪುಸ್ತಕ ಇಡಬಹುದಾ?"

"ಹೊರಡ್ತಿರೋದು ಗಣಿತ ತಾನೇ? ಅದನ್ನೇ ಇಡು."

ತಂಗಂ ಮಿಸ್ ಮನೆ ಕ್ವಾರ್ಟರ್ಸಿಗೂ ಶಾಲೆಗೂ ನಡುವೆ ಇತ್ತು, ಕೇಳಿದ ಕೂಡಲೇ ಮಿಸ್ ಒಪ್ಪಿದರು. ಭಾನುವಾರ ಬೆಳಿಗ್ಗೆ ರಾಹುಕಾಲದ ತಂಟೆ ಇಲ್ಲ. ಶನಿವಾರ ಮಧ್ಯಾಹ್ನ ಅಜ್ಜಿ ಹೊಸ ಸೀರೆ ಉಟ್ಟು ನನ್ನ ಜೊತೆ ಹೊರಟಳು. ನಲ್ಲಿಯ ಹತ್ತಿರಕ್ಕೂ ಒಬ್ಬಳೇ ಹೋಗದವಳು, ಬಾರದ ತಮಿಳಿನಲ್ಲಿ ಮನೆ ಮನೆಯ ಅಮ್ಮಂದಿರಿಗೆ ಪರಸ್ಥಾನ ವಿವರಿಸಲು ಬಂದಳು. ಬಹಳ ವಿವರಿಸಬೇಕಾಗಲಿಲ್ಲ. ಮೊದಲ ಮನೆಯವರೇ, "ಅಡ, ಪರಸ್ಥಾನಂ ತಾನೇ ಪಾಟ್ಟಿ! ಎಂಗ ಊರ್ಲಯುಂ ಉಂಡು", ನಮ್ಮೂರಲ್ಲೂ ಇದೆ ಅಜ್ಜಿ, ಎಂದು ಒಳಗೆ ಕರೆದು ಫಿಲ್ಟರ್ ಕಾಫಿ ಕೊಟ್ಟರು. ಎಲ್ಲ ಮನೆಯಲ್ಲೂ ಕಾಫಿ. ಸಂಜೆಗೆ ಅಜ್ಜಿಯ ತಲೆ ಗಿರ್ರೆನ್ನುತ್ತಿತ್ತು.

ಅಮ್ಮಂದಿರನ್ನು ಅಜ್ಜಿ ಗೆದ್ದಳು, ಮಕ್ಕಳನ್ನು ನಾನು ಗೆಲ್ಲಬೇಕಿತ್ತು. ನಿದ್ದೆಯ ಪಕ್ಷದವರಿಗೆ ಹೇಳಿದೆ: ಪುಸ್ತಕ ಮಿಸ್ ಮನೆಯಲ್ಲಿದ್ದರೆ ಭಾನುವಾರ ಇಡೀ ದಿನ ಯಾರೂ ನಿಮ್ಮನ್ನು ಗಣಿತ ಮಾಡು ಎನ್ನುವ ಹಾಗಿಲ್ಲ, ವಾಪಸ್ ತರುವ ಹಾಗೂ ಇಲ್ಲ. ಈ ವಾದಕ್ಕೆ ಮರುಳಾಗದವರೇ ಇರಲಿಲ್ಲ. ಸೋಮವಾರ ಬೆಳಿಗ್ಗೆ ಪುಸ್ತಕಕ್ಕಾಗಿ ಎದ್ದು ಬರಲೇಬೇಕು ಎಂಬುದು ಅವರ ತಲೆಗೆ ಆಮೇಲೆ ಹೋಯಿತು. ಸೆಲ್ವಿ ಮಾತ್ರ, "ನಮಗೆ ರಾಹುವೂ ಇಲ್ಲ ಕೇತುವೂ ಇಲ್ಲ ಡೀ, ಮೀನು ಒಂದೇ" ಎಂದಳು. ಆದರೂ ಪುಸ್ತಕ ತಂದು ಕೊಟ್ಟಳು.

ಭಾನುವಾರ ಬೆಳಿಗ್ಗೆ ತಂಗಂ ಮಿಸ್ ಜಗಲಿಯಲ್ಲಿ ಪುಸ್ತಕದ ರಾಶಿ ಬೆಳೆಯಿತು. ಮಿಸ್ ಎಲ್ಲದರ ಮೇಲೂ ಒಂದು ಹಳೆಯ ಸೀರೆ ಹೊದಿಸಿ, ಬೂದಿ ಬೀಳದ ಹಾಗೆ ಮಾಡಿದರು. ನಾವು ಅವರ ಮನೆ ಮುಂದೆಯೇ ಪಾಂಡಿ ಎಳೆದು ಕುಂಟಿದೆವು. ಊರಲ್ಲಿ ನಾವು ಕುಂಟೆಬಿಲ್ಲೆ ಎನ್ನುತ್ತಿದ್ದ ಅದೇ ಆಟ. ಒಳಗಿನಿಂದ ಮಿಸ್ ಅತ್ತೆ ಕೆಮ್ಮುವುದು ಕೇಳಿಸುತ್ತಿತ್ತು, ಒಲೆಯ ಮೇಲೆ ಒಣಮೆಣಸಿನಕಾಯಿ ಹುರಿಯುವ ಘಾಟಿಗೆ ನಾವೂ ಕೆಮ್ಮುತ್ತಿದ್ದೆವು.

ಸೋಮವಾರ ನಾನು ಎಲ್ಲರಿಗಿಂತ ಮೊದಲು ಹೋಗಿ ಜಗಲಿಯ ಮೇಲೆ ಕೂತೆ. ಯಾರಾದರೂ ಬರುತ್ತಾರೋ ಇಲ್ಲವೋ ಎಂದು ರಸ್ತೆಯನ್ನೇ ನೋಡುತ್ತಿದ್ದೆ. ಒಬ್ಬಳು ಬಂದಳು. ಆಮೇಲೆ ಇಬ್ಬರು, ಕಣ್ಣು ಉಜ್ಜಿಕೊಳ್ಳುತ್ತ. ಆಮೇಲೆ ಗುಂಪುಗುಂಪಾಗಿ ಬಂದು ರಾಶಿಯಲ್ಲಿ ತಮ್ಮ ತಮ್ಮ ಪುಸ್ತಕ ಹುಡುಕತೊಡಗಿದರು. ತಂಗಂ ಮಿಸ್ ಒದ್ದೆ ಕೂದಲಿಗೆ ಗಂಟು ಹಾಕಿಕೊಂಡು ಹೊರಬಂದು, "ಹೋಗೋಣವಾ?" ಎಂದರು. ಮಿಸ್ ನಡುವೆ, ನಾವು ಸುತ್ತ, ಮದುವೆ ದಿಬ್ಬಣದ ಹಾಗೆ ನಡೆದೆವು. ಸೆಲ್ವಿಯ ಪುಸ್ತಕ ನಾನೇ ಹಿಡಿದುಕೊಂಡಿದ್ದೆ.

ಅರಸಿ ಮೇಡಂ ಗೇಟಿನಲ್ಲೇ ನಿಂತಿದ್ದರು. ಅರ್ಧ ಕ್ಲಾಸಿಗಿಂತ ಎಷ್ಟೋ ಹೆಚ್ಚು ಮಂದಿ ಬರುವುದನ್ನು ನೋಡಿ ಅವರ ಖಡಕ್ ಮುಖ ಸಡಿಲವಾಯಿತು.

"ಏನು, ರಾಹುಕಾಲಕ್ಕೆ ಯಾರೂ ಹೆದರಲಿಲ್ಲವಾ?"

ನಾವೆಲ್ಲ ನೆಲ ನೋಡಿದೆವು. ತಂಗಂ ಮಿಸ್ ಮಾತ್ರ ನಿರಾಳವಾಗಿ, "ಇಲ್ಲ ಮೇಡಂ, ನಾವು ನಿನ್ನೆಯೇ ಹೊರಟಿದ್ದೆವು" ಎಂದರು.

ಮಕ್ಕಳು ಆಸೆಯಿಂದ ನಿನ್ನೆಯೇ ಸಿದ್ಧವಾಗಿದ್ದರು ಎಂದು ಮೇಡಂ ಆ ಮಾತನ್ನು ಅರ್ಥ ಮಾಡಿಕೊಂಡರು. ಪಾಠ ಮುಗಿಯುವ ಹೊತ್ತಿಗೆ ಸೆಲ್ವಿ ಓಡುತ್ತ ಬಂದಳು, ಲಂಗದ ಅಂಚು ಒದ್ದೆ, ಮಣಿಕಟ್ಟಿನಲ್ಲಿ ಮೀನಿನ ಹುರುಪೆ. ಮಿಸ್ ಮಾತು ಕೊಟ್ಟಿದ್ದಂತೆ ಊಟದ ಹೊತ್ತಿನಲ್ಲಿ ಅವಳಿಗೆ ಬೇರೆ ಹೇಳಿಕೊಟ್ಟರು, ವರ್ಷವಿಡೀ. ಅರ್ಥವಾಗದಿದ್ದ ದಿನ ನಾನೂ ಊಟದ ಡಬ್ಬಿ ಹಿಡಿದುಕೊಂಡು ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಪಿ.ಟಿ. ಮಾಸ್ತರರಿಗೆ ಅವರ ಪಿರಿಯಡ್ ವಾಪಸ್ ಸಿಕ್ಕಿತು. ನನಗೆ ಫಸ್ಟ್ ಗ್ರೂಪ್ ಸಿಕ್ಕಿತು. ಸೆಲ್ವಿ ಗಣಿತದಲ್ಲಿ ನನಗಿಂತ ಜಾಸ್ತಿ ಅಂಕ ತೆಗೆದಳು, ಅದನ್ನು ಈಗಲೂ ಫೋನಿನಲ್ಲಿ ನೆನಪಿಸುತ್ತಾಳೆ.

ರಾಹುವನ್ನು ಸೋಲಿಸಿದ ಕಥೆಯನ್ನು ಅರಸಿ ಮೇಡಂ ನಿವೃತ್ತರಾಗುವ ತನಕ ಪ್ರತಿ ವರ್ಷ ಅಸೆಂಬ್ಲಿಯಲ್ಲಿ ಹೇಳಿದರಂತೆ. ಪರಸ್ಥಾನ ಇಟ್ಟದ್ದಕ್ಕೇ ಮೊಮ್ಮಗಳು ಪಾಸಾದಳೆಂದು ಅಜ್ಜಿ ಊರಿಗೆ ಹೋದಾಗಲೆಲ್ಲ ಹೇಳುತ್ತಿದ್ದಳು. ಇಬ್ಬರೂ ಗೆದ್ದಿದ್ದರು. ಯಾರನ್ನೂ ತಿದ್ದಬೇಕೆಂದು ನಮಗೆ ಅನಿಸಲಿಲ್ಲ.

ಈಗ ನನ್ನ ಆಫೀಸು ಚೆನ್ನೈನ ಇನ್ನೊಂದು ತುದಿಯ ಶೋಳಿಂಗನಲ್ಲೂರಿನಲ್ಲಿ. ಕ್ರೇನು ಕಟ್ಟಲಿಲ್ಲ, ಅವು ನಿಲ್ಲುವ ತಳಪಾಯದ ಲೆಕ್ಕ ಮಾಡುತ್ತೇನೆ. ಹೋದ ವರ್ಷ ಮಗಳ ಶಾಲೆಯಲ್ಲಿ ಒಂದು ಪಿರಿಯಡ್ ಜಾಸ್ತಿ ಮಾಡಿದರು. ನಮ್ಮ ಫೋನಿಗೆ ಒಂದು ಸಂದೇಶ ಬಂತು, ಅಷ್ಟೇ. ಮಕ್ಕಳನ್ನು ಯಾರೂ ಕೇಳಲಿಲ್ಲ, ಟೀಚರುಗಳನ್ನೂ ಕೇಳಿದಂತಿರಲಿಲ್ಲ. ತಂದೆತಾಯಿಯರ ಗುಂಪಿನಲ್ಲಿ ಜಗಳ ಎದ್ದು, ಅರ್ಧ ಜನ ಇನ್ನರ್ಧ ಜನರ ಜೊತೆ ಮಾತು ಬಿಟ್ಟರು. ನನಗೆ ಏನಾದರೂ ಹೇಳಬೇಕೆನಿಸಿತು, ಹೇಳಲಿಲ್ಲ. ಅಲ್ಲಿ ಯಾರಿಗೂ ಇನ್ನೊಬ್ಬರ ಮಾತು ಪೂರ್ತಿ ಕೇಳುವಷ್ಟು ಪುರುಸೊತ್ತು ಇರಲಿಲ್ಲ.

ಅಜ್ಜಿ ಹೋಗಿ ಬಹಳ ವರ್ಷವಾಯಿತು. ನಾನು ಈಗ ಸೋಮವಾರ ಯಾವ ಹೊತ್ತಿನಲ್ಲಿ ಬೇಕಾದರೂ ಮನೆ ಬಿಡುತ್ತೇನೆ, ತಡೆಯುವವರಿಲ್ಲ. ಕೆಲವು ದಿನ ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ತುಂಬಾ ಬೇಸರವಾಗುತ್ತದೆ. ಹೋಗಬೇಡ ಎಂದು ಅಡ್ಡ ನಿಂತು, ಆಮೇಲೆ ಕೈಯ ಕೆಲಸ ಪಕ್ಕಕ್ಕಿಟ್ಟು, ನಾನು ಹೋಗಲೇಬೇಕಾದದ್ದು ಯಾಕೆ ಎಂದು ಕೂತು ಕೇಳಿ, ತಾನೇ ದಾರಿ ಹುಡುಕಿಕೊಡುವವರು ನನಗೆ ಇನ್ನು ಯಾರೂ ಇಲ್ಲ.