ನಾಟಿಯಾಗದ ಮೊದಲ ಸಾಲು

ಮೊನ್ನೆ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬರುವ ಬಸ್ಸಿನಲ್ಲಿ, ಪಕ್ಕದಲ್ಲಿ ಕೂತ ಹುಡುಗಿಯ ಬ್ಯಾಗಿನ ಮೇಲೆ ಪ್ರಶ್ನೆಪತ್ರಿಕೆ, ಜೊತೆಗೊಂದು ಹಾಳೆ ಇತ್ತು. ಹಾಳೆ ತುಂಬ ಸಾಲು ಸಾಲು ಪುಟ್ಟ ಸೊನ್ನೆಗಳು, ಪ್ರಶ್ನೆಗೆ ನಾಲ್ಕರಂತೆ. ಕೆಲವನ್ನು ಕಪ್ಪು ಬಾಲ್‌ಪೆನ್ನಿನಿಂದ ತುಂಬಿದ್ದಳು. ನೀಟ್ ಪರೀಕ್ಷೆಯ ಅಭ್ಯಾಸ. ಆ ಶಾಯಿಯ ವಾಸನೆ ಮೂಗಿಗೆ ಬಂದರೆ ಇವತ್ತಿಗೂ ಮಗಳ ಪರೀಕ್ಷೆಯ ವರ್ಷ ನೆನಪಾಗುತ್ತದೆ.

ನಾನು ಹಳೆ ಟ್ರ್ಯಾಕ್ಟರ್ ಕೊಡಿಸುವ, ಮಾರಿಸುವ ಮನುಷ್ಯ. ಎಸ್ಸೆಸ್ಸೆಲ್ಸಿ ದಾಟಿಲ್ಲ. ಆದರೂ ಮಗಳು ಸುಮಾ ಎರಡನೇ ಸಲ ನೀಟಿಗೆ ಕೂತ ವರ್ಷ, ಜೀವಶಾಸ್ತ್ರದ ಬಗ್ಗೆ ನನ್ನಷ್ಟು ಸಲಹೆ ಕೊಟ್ಟವರು ತಾಲ್ಲೂಕಿನಲ್ಲೇ ಇರಲಿಕ್ಕಿಲ್ಲ. ನಿಮಗೂ ಹೇಳಿಬಿಡುತ್ತೇನೆ, ಮನೆಯಲ್ಲಿ ಓದುವ ಮಕ್ಕಳಿದ್ದರೆ ಉಪಯೋಗಕ್ಕೆ ಬಂದೀತು. ಉತ್ತರ ಸರಿಯಾದರೆ ನಾಲ್ಕು ಅಂಕ ಬರುತ್ತದೆ, ತಪ್ಪಾದರೆ ಒಂದು ಹೋಗುತ್ತದೆ. ಜೀವಶಾಸ್ತ್ರದ ಪ್ರಶ್ನೆಗಳನ್ನೇ ಮೊದಲು ಹಿಡಿದು ಗಂಟೆಯೊಳಗೆ ಮುಗಿಸಬೇಕು. ಗೊತ್ತಿದ್ದದ್ದು ಮೊದಲ ಸುತ್ತಿಗೆ. ಎರಡು ಉತ್ತರ ಖಂಡಿತ ಅಲ್ಲ ಅನ್ನಿಸಿದರೆ ಉಳಿದೆರಡರಲ್ಲಿ ಧೈರ್ಯ ಮಾಡಬಹುದು. ನಾಲ್ಕೂ ಕಂಡರಿಯದ ಮುಖಗಳಾದರೆ ಕೈ ಮುಗಿದು ಮುಂದೆ ಹೋಗುವುದು. ಎಂಜಿನ್ ಸದ್ದು ಕೇಳದೆ ಗಾಡಿಗೆ ಬೆಲೆ ಕಟ್ಟುವವನು ನಾನಲ್ಲ.

ಇಷ್ಟೂ ಸರಿಯೇ. ಹದಗೆಟ್ಟದ್ದು ಇನ್ನೊಂದು ಮಾತಿನಿಂದ. "ಮೊದಲ ಮಾತಿಗೆ ಹೂಂ ಅನಬ್ಯಾಡವಾ" ಎಂದು ದಿನಾ ಹೇಳುತ್ತಿದ್ದೆ, ವ್ಯಾಪಾರದಲ್ಲಿ ನಾನು ಪಾಲಿಸುವ ಮಾತದು. ಅವಸರ ಬೇಡ, ನಾಲ್ಕೂ ಓದು ಎನ್ನುವುದು ನನ್ನ ಅರ್ಥ.

ಪರೀಕ್ಷೆಯ ಹಿಂದಿನ ದಿನ ನಾನೂ ಸುಮಾಳೂ ಕುರುಗೋಡಿಗೆ, ನನ್ನ ಹೆಂಡತಿಯ ತವರಿಗೆ, ಅತ್ತೆಯ ಮನೆಗೆ ಹೋದೆವು. ಅಲ್ಲಿಂದ ಬಳ್ಳಾರಿ ಹತ್ತಿರ. "ಈ ಸಲ ಆಗ್ಲಿಲ್ಲಂದ್ರ ಮತ್ತ ಕುಂದ್ರಂಗಿಲ್ಲಪ್ಪ" ಎಂದಿದ್ದಳು ಸುಮಾ ದಾರಿಯಲ್ಲಿ. ಅಭ್ಯಾಸದ ಪರೀಕ್ಷೆಗಳಲ್ಲಿ ಅವಳ ಅಂಕ ತಿಂಗಳಿಂದ ಒಂದೇ ಕಡೆ ನಿಂತಿತ್ತು. ಕಾರಣ ಯಾರಿಗೂ ಹೊಳೆದಿರಲಿಲ್ಲ. ಸಂಜೆ ಆ ಪ್ರಶ್ನೆಪತ್ರಿಕೆ, ಸೊನ್ನೆ ತುಂಬಿದ ಹಾಳೆಗಳನ್ನು ಕಟ್ಟೆಯ ಮೇಲೆ ಹರಡಿಕೊಂಡು ಕೂತಿದ್ದೆವು. ಅತ್ತೆಗೆ ಅಕ್ಷರ ಬಾರದು. ಬದುಕೆಲ್ಲ ಭತ್ತದ ನಾಟಿ ಮಾಡಿದವಳು. ಚಹಾ ತಂದವಳು ಹಾಳೆ ನೋಡುತ್ತ ನಿಂತುಬಿಟ್ಟಳು.

"ಯವ್ವಾ, ಈ ಎಡಗಡಿ ಸಾಲು ಯಾಕ ನಾಟಿ ಬಿಟ್ಟಿ?"

"ಅದು ಗದ್ದಿ ಅಲ್ಲಬೇ ಅಜ್ಜಿ."

"ಗದ್ದಿ ಅಲ್ಲಂತ ನನಗೂ ಗೊತ್ತೈತಿ ಬಿಡು. ಬೋಳು ಕಾಣಾಕತ್ತೈತಿ, ಅದನ್ನ ಕೇಳಿದೆ."

ಬಗ್ಗಿ ನೋಡಿದೆ. ಯಾವ ಹಾಳೆ ತಿರುವಿದರೂ ಅಷ್ಟೇ: ಮೇಲಿನಿಂದ ಕೆಳಗೆ ಒಂದನೇ ಉತ್ತರದ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು ಕಪ್ಪು, ಉಳಿದ ಮೂರೂ ಸಾಲು ದಟ್ಟ.

"ಒಂದನೇದು ಸರಿ ಅಂತ ಗೊತ್ತಿದ್ರೂ ಮೋಸ ಅನ್ನಿಸ್ತೈತಪ್ಪ," ಎಂದಳು ಸುಮಾ, ಕಣ್ಣೆತ್ತದೆ. "ಮೊದಲ ಮಾತಿಗೆ ಹೂಂ ಅನಬ್ಯಾಡಂತ ನೀನ ಹೇಳಿದ್ದಲ್ಲ?"

ನನಗೆ ಅನ್ನ ಹಾಕಿದ ಮಾತು ಮಗಳ ಕೈ ಕಟ್ಟಿಹಾಕಿತ್ತು. ಮರೆತುಬಿಡು ಎಂದರೆ ಮರೆಯುವಂಥದ್ದಲ್ಲ. ಚಿಕ್ಕಂದಿನಿಂದ ನನ್ನ ಪಕ್ಕದಲ್ಲಿ ನಿಂತು, ನಾನು ಮೊದಲ ಬೆಲೆಗೆ ಮುಖ ತಿರುಗಿಸುವುದನ್ನು ನೋಡಿ ಕಲಿತದ್ದು. ಅದನ್ನು ಬಿಡಿಸಲು ಉಳಿದದ್ದು ಒಂದು ಸಂಜೆ. ಚಹಾ ಆರುತ್ತಿತ್ತು.

ಎತ್ತಿನ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಅಡಿ ಬೆರಳು ಹಿಡಿದು ಬೆಲೆ ಮಾತಾಡುತ್ತಾರಲ್ಲ, ಅದು ನೆನಪಾಯಿತು. ಹೆಗಲ ಮೇಲಿನ ಟವೆಲ್ ತೆಗೆದು ಪ್ರಶ್ನೆಪತ್ರಿಕೆಯ ನಾಲ್ಕು ಉತ್ತರಗಳ ಮೇಲೆ ಮುಚ್ಚಿದೆ.

"ಪ್ರಶ್ನಿ ಅಷ್ಟ ಓದು. ನಿನ್ನ ರೇಟು ಮೊದ್ಲು ನೀ ಹೇಳು. ಆಮ್ಯಾಲೆ ತೆಗೀತೀನಿ."

ಗಿಡದಲ್ಲಿ ನೀರನ್ನು ಮೇಲಕ್ಕೆ ಒಯ್ಯುವ ಅಂಗಾಂಶ ಯಾವುದು ಎಂದಿತ್ತು. "ಕ್ಸೈಲಮ್" ಎಂದಳು. ಟವೆಲ್ ಎಳೆದೆ. ಅದೇ, ಒಂದನೆಯದು. ಪೆನ್ನು ಸೊನ್ನೆಯ ಮೇಲೆ ತಡವರಿಸಿತು.

"ಸಸಿ ಊರಬೇ, ನೋಡ್ತಿ ಏನು," ಎಂದಳು ಅತ್ತೆ.

ಮರುದಿನ ಬಳ್ಳಾರಿಯ ಪರೀಕ್ಷಾ ಕೇಂದ್ರದ ಗೇಟಿನಲ್ಲಿ "ಒಳಗ ಟವೆಲ್ ಬಿಡಂಗಿಲ್ಲಪ್ಪ, ಮುಚ್ಚಾಕ ಇದು ಐತಿ" ಎಂದು ನನಗೆ ತನ್ನ ಅಂಗೈ ತೋರಿಸಿ ಹೋದಳು. ಮೂರು ಗಂಟೆ ಕಾಂಪೌಂಡಿಗೆ ಒರಗಿ ನಿಂತಿದ್ದೆ. ಹೊರಗೆ ಬಂದವಳ ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

"ಅಜ್ಜಿಗೆ ಫೋನ್ ಹಚ್ಚಪ್ಪ," ಎಂದಳು. "ಎಡಗಡಿ ಸಾಲು ನಾಟಿ ಆತು ಅಂತ ಹೇಳು."

ಸೀಟು ಸಿಕ್ಕಿತು, ಆಯುರ್ವೇದದ್ದು. ಈಗ ನಾನು ಫೋನಿನಲ್ಲಿ ಸಲಹೆ ಶುರು ಮಾಡಿದರೆ ಮೊದಲ ಮಾತಿಗೇ ಹೂಂ ಎಂದು ಇಟ್ಟುಬಿಡುತ್ತಾಳೆ.

ಬಸ್ಸಿನ ಹುಡುಗಿ ಒಂದನೇ ಸೊನ್ನೆಯ ಮೇಲೆ ಪೆನ್ನಿಟ್ಟು, ತೆಗೆದು, ಮೂರನೆಯದರತ್ತ ಹೊರಳಿದಳು.

"ಅದನ್ಯಾಕ ಬಿಟ್ಟೆವಾ?"

"ಅಷ್ಟು ಸಲೀಸ್ ಇರಂಗಿಲ್ರಿ ಕಾಕಾ."

ಸಿರುಗುಪ್ಪದವರೆಗೆ ಹೇಳುವಷ್ಟು ಮಾತು ನನ್ನಲ್ಲಿತ್ತು. ಅದರ ಬದಲು ಅವಳ ಪ್ರಶ್ನೆಪತ್ರಿಕೆಯ ನಾಲ್ಕು ಉತ್ತರಗಳ ಮೇಲೆ ಅಂಗೈ ಇಟ್ಟೆ. ನನ್ನನ್ನೊಮ್ಮೆ ನೋಡಿದಳು, ಆಮೇಲೆ ಪ್ರಶ್ನೆಯನ್ನು. ತೆಕ್ಕಲಕೋಟೆ ದಾಟುವಾಗ ಉತ್ತರ ಹೇಳಿಕೊಂಡಂತೆ ಅವಳ ತುಟಿ ಅಲುಗಿತು. ಕೈ ತೆಗೆದು ಕಿಟಕಿಯ ಕಡೆ ತಿರುಗಿದೆ. ಎಷ್ಟನೆಯದನ್ನು ತುಂಬಿದಳೋ, ನೋಡಲಿಲ್ಲ.