ಬೋರಲು ಲೋಟದ ಭಾನುವಾರ

ಆ ಮೈಕ್ರೊಪ್ರೊಸೆಸರ್ ಕಿಟ್ಟಿಗೆ ನಾನು ತೆತ್ತ ಬೆಲೆ ಒಂದು ಸ್ಕೂಟರು. ಚೆನ್ನಾಗಿ ಓಡುತ್ತಿದ್ದ ಸ್ಕೂಟರನ್ನು ಮಾರಿ, ಬಂದ ದುಡ್ಡಿಗೆ, ಪ್ರೋಗ್ರಾಂ ಬರೆಯುವುದನ್ನು ಕಲಿಯಲೆಂದು ಒಂದು ಹಸಿರು ಬೋರ್ಡು ಮನೆಗೆ ತಂದೆ. ಅದರಲ್ಲಿ ಕ್ಯಾಲ್ಕುಲೇಟರಿನಂಥ ಗುಂಡಿಗಳು, ಕೆಂಪಗೆ ಅಂಕಿ ಹೊಳೆಯುವ ಪುಟ್ಟ ಕಿಂಡಿ. ಹೆಂಡತಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇನ್ಮೇಲೆ ಯಲಹಂಕಕ್ಕೆ ಇದರ ಮೇಲೆ ಕೂತ್ಕೊಂಡು ಹೋಗ್ತೀರಾ?" ಎಂದಳು.

ಕಾರಣವಿತ್ತು. ಯಶವಂತಪುರದಲ್ಲಿ ನನ್ನದು ಹಳೆಯ ಎಲೆಕ್ಟ್ರಾನಿಕ್ ಬಿಡಿಭಾಗಗಳ ವ್ಯಾಪಾರ. ಹರಾಜಿನಲ್ಲಿ ಲಾಟು ಹಿಡಿದು, ಬಿಚ್ಚಿ, ವಿಂಗಡಿಸಿ ಮಾರುವುದು. ಎಂಬತ್ತರ ದಶಕದ ನಡುವಿನಲ್ಲಿ ಗಿರಾಕಿಗಳು ರೇಡಿಯೊ ಭಾಗಗಳನ್ನು ಬಿಟ್ಟು ಪ್ರೊಸೆಸರ್ ಕೇಳತೊಡಗಿದರು. ಮಾಲಿನ ಗುಣ ಗೊತ್ತಿಲ್ಲದ ವ್ಯಾಪಾರಿ ಚೌಕಾಸಿಯಲ್ಲಿ ಮೊದಲ ಮಾತಿಗೇ ಸೋಲುತ್ತಾನೆ. ಹಾಗಾಗಿ ಕಲಿತೆ.

ಕಲಿಸಿದ್ದು ಆರ್.ಟಿ. ನಗರದ ಒಂದು ರೇಡಿಯೊ ರಿಪೇರಿ ಅಂಗಡಿ. ಅದರ ಮಾಲೀಕರನ್ನು ನಾವೆಲ್ಲ ಭಾಯ್ ಎನ್ನುತ್ತಿದ್ದೆವು. ಭಾನುವಾರ ಮಧ್ಯಾಹ್ನ ಅವರು ಷಟರ್ ಅರ್ಧ ಇಳಿಸಿದರೆ ಕಿಟ್ಟು ಇಟ್ಟುಕೊಂಡಿದ್ದವರೆಲ್ಲ ಬಗ್ಗಿ ಒಳಗೆ ನುಗ್ಗುತ್ತಿದ್ದೆವು. ಬರಲಾಗದವರು ಪೋಸ್ಟ್‌ಕಾರ್ಡಿನಲ್ಲಿ ಪ್ರಶ್ನೆ ಬರೆದು ಅಂಗಡಿಗೆ ಕಳಿಸುತ್ತಿದ್ದರು. ಭಾಯ್ ಅವನ್ನು ಗೋಡೆಯ ತಂತಿಗೆ ಸಿಕ್ಕಿಸುವರು. ಉತ್ತರ ತಿಳಿದವರು ಕಾರ್ಡು ಇಳಿಸಿಕೊಂಡು ಜವಾಬು ಬರೆಯುವರು. ಎರಡು ವರ್ಷ ಕಳೆಯುವಷ್ಟರಲ್ಲಿ ಹೆಚ್ಚು ಕಾರ್ಡು ಇಳಿಸುವವನು ನಾನೇ ಆಗಿದ್ದೆ. ಬೈದೂ ಬರೆಯುತ್ತಿದ್ದೆ: "ಅರ್ಧ ಪ್ರೋಗ್ರಾಂ ಕಳಿಸಿ ಪೂರ್ತಿ ಉತ್ತರ ಕೇಳಬೇಡಿ."

ಕಾರ್ಡಿನಲ್ಲಿ ಬಗೆಹರಿಯದ ಪ್ರಶ್ನೆಗೆ ನಮ್ಮಲ್ಲೊಂದು ಪದ್ಧತಿ ಇತ್ತು. ನಾವೇ ಪ್ರೊಸೆಸರ್ ಆಗಿ ಕೂರುವುದು. ಒಬ್ಬರು ಪ್ರೋಗ್ರಾಮನ್ನು ಸಾಲುಸಾಲಾಗಿ ಓದಬೇಕು. ಒಬ್ಬರು ಲೆಕ್ಕದ ಸಂಖ್ಯೆಯನ್ನು ಹಿಡಿದಿರಬೇಕು. ಅವರ ಮುಂದೆ ಒಂದು ಸ್ಟೀಲ್ ಲೋಟ. ಎರಡು ಸಂಖ್ಯೆ ಹೋಲಿಸಿದಾಗ ಸಮವಾಗಿದ್ದರೆ ಲೋಟ ಬೋರಲು, ಇಲ್ಲದಿದ್ದರೆ ನೆಟ್ಟಗೆ. ಪ್ರೊಸೆಸರ್ ಚಿಪ್ಪಿನೊಳಗೆ ಇದಕ್ಕೆ ಫ್ಲ್ಯಾಗ್ ಎಂಬ ಹೆಸರು. ಮುಂದಿನ ಸಾಲು ಲೋಟ ನೋಡಿಯೇ ಎತ್ತ ಹೋಗಬೇಕೆಂದು ತೀರ್ಮಾನಿಸುತ್ತದೆ. ಹೊರಗಿನವರು ನೋಡಿದರೆ ದೊಡ್ಡವರು ಮನೆ ಆಟ ಆಡುತ್ತಿದ್ದಾರೆ ಎನ್ನಬೇಕು.

ಆ ಧೈರ್ಯದ ಮೇಲೆ ನಾನು ಮೊದಲ ಬಾರಿ ಒಂದು ಯಂತ್ರ ಮಾಡಿಕೊಡಲು ಒಪ್ಪಿಕೊಂಡೆ. ಜಾಲಹಳ್ಳಿಯ ಆಚೆ, ಹೊಲವಿದ್ದ ಜಾಗದಲ್ಲಿ ಷೆಡ್ಡು ಹಾಕಿ ಬಿಸ್ಕತ್ತು ತಯಾರಿಸುತ್ತಿದ್ದ ಗೌಡರೊಬ್ಬರಿಗೆ. ಬೆಲ್ಟಿನ ಮೇಲೆ ಬರುವ ಪೊಟ್ಟಣ ಎಣಿಸಿ, ಹನ್ನೆರಡಾದಾಗ ಬೆಲ್ಟು ನಿಲ್ಲಿಸುವುದು ಅದರ ಕೆಲಸ. ಮನೆಯಲ್ಲಿ ಸರಿಯಾಗಿ ನಿಲ್ಲಿಸಿತು. ಷೆಡ್ಡಿನಲ್ಲಿ ಒಮ್ಮೊಮ್ಮೆ ಹನ್ನೆರಡು ದಾಟಿ ಓಡಿಯೇ ಓಡಿತು. ಪೊಟ್ಟಣಗಳೆಲ್ಲ ನೆಲದ ಮೇಲೆ.

"ಇಂಗಾದ್ರೆ ಎಂಗಪ್ಪ?" ಎಂದರು ಗೌಡರು. "ನಮ್ ಹೆಣ್ಮಕ್ಳು ಕೈಯಾಗೆ ಎಣಿಸ್ತಿದ್ರಲ್ಲ, ಅದೇ ವಾಸಿ. ಸೋಮವಾರ ಸರಿ ಓಗಲಿಲ್ಲ ಅಂದ್ರೆ ಬಿಚ್ಕೊಂಡ್ ಒಂಟೋಗು."

ಬಿಚ್ಚಿಕೊಂಡು ಹೊರಟರೆ ಆ ಸಾಲಿನ ಯಾವ ಷೆಡ್ಡಿನವರೂ ನನ್ನನ್ನು ಮತ್ತೆ ಒಳಗೆ ಬಿಡುವುದಿಲ್ಲ ಎಂದು ಗೊತ್ತಿತ್ತು. ಜೀವನಪೂರ್ತಿ ಹಳೆಯ ಭಾಗ ತೂಗಿ ಮಾರುವುದೇ ಗತಿ. ಭಾನುವಾರ ಪ್ರೋಗ್ರಾಮಿನ ಹಾಳೆ ಹಿಡಿದು ಭಾಯ್ ಅಂಗಡಿಗೆ ಹೋದೆ.

ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದ ಗೆಳೆಯ ನನ್ನ ಮುಖ ನೋಡಿದ ಕೂಡಲೇ ಶುರು ಮಾಡಿದ: "ಏನ್ ಗುರು, ಇವತ್ತು ಡಾಕ್ಟ್ರೇ ಚೀಟಿ ಹಿಡ್ಕೊಂಡು ಕ್ಯೂನಲ್ಲಿ?"

"ನಗಬೇಡ ಕಣೋ, ಓದು," ಎಂದು ಹಾಳೆ ಅವನ ಕೈಗೆ ತುರುಕಿದೆ.

ಭಾಯ್ ಸಂಖ್ಯೆ ಹಿಡಿದು ಲೋಟದ ಮುಂದೆ ಕೂತರು. ಮತ್ತಿಕೆರೆಯ ಕಡೆಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಮೇಡಂ ಒಬ್ಬರು ಪ್ರತಿ ಹೆಜ್ಜೆಯನ್ನೂ ಪರೀಕ್ಷಿಸುತ್ತಿದ್ದರು. ಪೊಟ್ಟಣ ಎಣಿಸುತ್ತಾ ಹೋದೆವು. ಎರಡು ಸಲ ಎಣಿಸಿದರೂ ಪ್ರೋಗ್ರಾಂ ಹನ್ನೆರಡಕ್ಕೇ ನಿಂತಿತು. ತಪ್ಪು ಕಾಣಿಸದೆ ಹೋದರೆ ತಿದ್ದುವುದಾದರೂ ಏನನ್ನು?

ಮೂರನೆಯ ಸಲ ಹನ್ನೆರಡು ಬಂದು, ಭಾಯ್ ಲೋಟ ಬೋರಲು ಹಾಕಿದ ಹೊತ್ತಿಗೆ, ಷಟರಿನ ಕೆಳಗಿನಿಂದ ಒಬ್ಬಾಕೆ ಟ್ರಾನ್ಸಿಸ್ಟರ್ ಚಾಚಿದರು. "ಕರಕರ ಅಂತಿದೆ, ಈಗಲೇ ನೋಡ್ಕೊಡಿ ಭಾಯ್."

"ಏಕ್ ಮಿನಿಟ್," ಎಂದು ಭಾಯ್ ಎದ್ದರು. ಟ್ರಾನ್ಸಿಸ್ಟರಿನ ಹಿಂಬದಿ ಬಿಚ್ಚಿ, ಬಿಚ್ಚಿದ ಸ್ಕ್ರೂಗಳನ್ನು ರೂಢಿಯಂತೆ ಹಾಕಿಡಲು ಕೈಗೆ ಸಿಕ್ಕ ಲೋಟವನ್ನೇ ಎತ್ತಿ ನೆಟ್ಟಗಿಟ್ಟರು. ಒಂದು ತಂತಿ ಬೆಸುಗೆ ಹಾಕಿ, ಸ್ಕ್ರೂ ತಿರುಗಿಸಿ, ಆಕೆಯನ್ನು ಕಳಿಸಿ ಬಂದು ಕೂತರು.

"ಮುಂದೆ ಓದೋ," ಎಂದರು.

"ಲೋಟ ನೋಡು, ಬೋರಲಿದ್ರೆ ಬೆಲ್ಟ್ ನಿಲ್ಸು," ಎಂದು ಗೆಳೆಯ ಓದಿದ.

"ನೆಟ್ಟಗಿದೆ. ಬೆಲ್ಟ್ ಓಡ್ಲಿ."

"ಭಾಯ್, ಓಡ್ಲಿ ಅಂದ್ರೆ ಹೇಗೆ?" ಎಂದರು ಮೇಡಂ. "ಹನ್ನೆರಡು ಆಗಿತ್ತಲ್ಲ?"

"ಕೈಕು, ಯಾಕೆ ಡೌಟು? ನಂಬರ್ ಹಿಡ್ಕೊಂಡೇ ಇದೀನಿ ಮೇಡಂ, ಹನ್ನೆರಡೇ!"

"ನಂಬರ್ ಇದೆ ಕಣ್ರೀ. ಲೋಟ ಹೋಯ್ತು."

ಮೇಡಂ ನೆಟ್ಟಗಿದ್ದ ಲೋಟವನ್ನು ತಟ್ಟಿ ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ಇದೇ ಥರ ನಡುವೆ ಎಬ್ಬಿಸೋ ಕೆಲಸ ನಿಮ್ಮ ಯಂತ್ರದಲ್ಲೂ ಇದೆಯಾ?"

ಇತ್ತು. ಎಣಿಕೆಯ ಅಂಕಿಗಳನ್ನು ಬೆಳಗಿಸಲು ಪ್ರೊಸೆಸರನ್ನು ಪದೇ ಪದೇ ನಡುವೆ ನಿಲ್ಲಿಸಿ ಪ್ರೋಗ್ರಾಮಿನ ಬೇರೆ ಪುಟಕ್ಕೆ ಕಳಿಸುವ ಏರ್ಪಾಡು. ಅದಕ್ಕೆ ಇಂಟರಪ್ಟ್ ಎನ್ನುತ್ತೇವೆ. "ಆ ಹಾಳೆ ಸರಿಯಾಗಿದೆ ಅಂತ ಮನೇಲೇ ಬಿಟ್ಟು ಬಂದೆ," ಎಂದೆ.

"ಶಭಾಷ್!" ಎಂದ ಗೆಳೆಯ. "ಅರ್ಧ ಪ್ರೋಗ್ರಾಂ ಕಳಿಸಬೇಡಿ ಅಂತ ಊರಿಗೆಲ್ಲ ಬೈದು ಬರೆಯೋನು ನೀನೇ ತಾನೆ?"

ಹಾಳೆ ಬಾಯಿಪಾಠವಿತ್ತು, ಹೇಳಿದೆ. ಬೇರೆ ಕೆಲಸಕ್ಕೆ ಹೋಗುವ ಮುನ್ನ ಇದ್ದದ್ದನ್ನು ಎತ್ತಿಟ್ಟು, ಬಂದಮೇಲೆ ವಾಪಸ್ ಇಡಬೇಕು, ಅದು ನಿಯಮ. ಲೆಕ್ಕದ ಸಂಖ್ಯೆಯನ್ನು ಆ ಪುಟ ಮುಟ್ಟುವುದೇ ಇಲ್ಲ, ಮುಟ್ಟದ್ದನ್ನು ಎತ್ತಿಡುವುದೇಕೆ ಎಂದು ನಾನು ವ್ಯಾಪಾರಿ ಬುದ್ಧಿಯಿಂದ ಎರಡು ಸಾಲು ಉಳಿತಾಯ ಮಾಡಿದ್ದೆ. ಆದರೆ ಆ ಪುಟ ತನ್ನ ಕೆಲಸಕ್ಕೆ ಫ್ಲ್ಯಾಗನ್ನು ತಿರುಗಿಸುತ್ತಿತ್ತು, ಈ ಪ್ರೊಸೆಸರಿನಲ್ಲಿ ಆ ಸಂಖ್ಯೆಯನ್ನು ಎತ್ತಿಟ್ಟರೆ ಮಾತ್ರ ಜೊತೆಗೆ ಫ್ಲ್ಯಾಗೂ ಉಳಿಯುತ್ತದೆ. ಹೋಲಿಸುವ ಸಾಲಿಗೂ ನಿಲ್ಲಿಸುವ ಸಾಲಿಗೂ ನಡುವೆ ಸರಿಯಾಗಿ ಇಂಟರಪ್ಟ್ ಬಿದ್ದಾಗ ಮಾತ್ರ ತೊಂದರೆ. ಅದಕ್ಕೇ ಒಮ್ಮೊಮ್ಮೆ.

ಸಂಜೆಯೊಳಗೆ ಗೆಳೆಯ, ಚಿಪ್ಪಿನಲ್ಲಿದ್ದ ಹಳೆಯ ಪ್ರೋಗ್ರಾಂ ಅಳಿಸುವ ನೇರಳಾತೀತ ದೀಪ ಎಲ್ಲಿಂದಲೋ ಹೊಂದಿಸಿದ. ಎರಡು ಸಾಲು ಸೇರಿಸಿ ಚಿಪ್ ಹೊಸದಾಗಿ ತುಂಬಿದೆವು. ಏನಾದರೂ ತೆಗೆದುಕೊಳ್ಳಿ ಎಂದು ನಾನು ಎಷ್ಟು ಚೌಕಾಸಿ ಮಾಡಿದರೂ ಯಾರೂ ಕೈಯೊಡ್ಡಲಿಲ್ಲ. ಮೇಡಂ ಮಾತ್ರ, "ಮುಂದಿನ ವಾರ ಬಂದು ಏನಾಯ್ತು ಅಂತ ಎಲ್ಲರಿಗೂ ಹೇಳಿ. ಮನೇಲಿ ಬಿಟ್ಟ ಹಾಳೆಯದ್ದೂ ಸೇರಿಸಿ," ಎಂದರು.

ಸೋಮವಾರ ಗೌಡರು ಸ್ಟೂಲು ಹಾಕಿಕೊಂಡು ಬೆಲ್ಟಿನ ಮುಂದೆ ಕೂತರು. ಮಧ್ಯಾಹ್ನದವರೆಗೂ ಒಂದು ಪೊಟ್ಟಣವೂ ನೆಲಕ್ಕೆ ಬೀಳಲಿಲ್ಲ. "ಮೊದ್ಲೇ ಇಂಗ್ ಮಾಡಕ್ಕೆ ಏನಾಗಿತ್ತು ನಿಂಗೆ?" ಎಂದು ಗದರಿ, ಪಕ್ಕದ ಷೆಡ್ಡಿನ ತಮ್ಮನನ್ನು ಕರೆದು ತೋರಿಸಿದರು. ಮುಂದಿನ ಭಾನುವಾರ ಅಂಗಡಿಗೆ ಹೋಗಿ, ಬಿಟ್ಟುಬಂದ ಹಾಳೆಯದ್ದೂ ಸೇರಿಸಿ ಎಲ್ಲ ಹೇಳಿದೆ. ನನ್ನ ಮನೆ ನಡೆದದ್ದು ಆಮೇಲೆ ಅಂಥ ಯಂತ್ರಗಳಿಂದಲೇ. ಆ ಅರ್ಧ ಷಟರಿನ ಅಂಗಡಿಗೆ ನಾನು ಕೊಟ್ಟದ್ದಕ್ಕಿಂತ ಪಡೆದದ್ದು ಹೆಚ್ಚು. ವ್ಯಾಪಾರಿಯಾಗಿ ಈ ಮಾತನ್ನು ನಾನು ಬೇರೆ ಯಾವ ಅಂಗಡಿಯ ಬಗ್ಗೆಯೂ ಹೇಳಿಲ್ಲ.

ನೀವು ಯಾರ ಬಳಿಯಾದರೂ ಪ್ರಶ್ನೆ ತೆಗೆದುಕೊಂಡು ಹೋಗುವುದಿದ್ದರೆ, ಇದೊಂದು ಸರಿಯಾಗಿದೆ ಎಂದು ಪಕ್ಕಕ್ಕಿಟ್ಟಿರುತ್ತೀರಲ್ಲ, ಅದನ್ನೇ ಮೊದಲು ಚೀಲಕ್ಕೆ ಹಾಕಿಕೊಳ್ಳಿ. ಉತ್ತರ ಸಿಕ್ಕ ಮೇಲೆ ಮಾಯವಾಗಬೇಡಿ. ಹೋಗಿ ಏನಾಯಿತೆಂದು ಹೇಳಿ, ಕೆಲಸ ಆಗಿರದಿದ್ದರೂ ಹೇಳಿ. ಉತ್ತರ ಕೊಟ್ಟವರು ಅದನ್ನು ಕಾಯುತ್ತಿರುತ್ತಾರೆ, ಎಲ್ಲರೂ ನಮ್ಮ ಮೇಡಂ ಹಾಗೆ ಬಾಯಿಬಿಟ್ಟು ಕೇಳುವುದಿಲ್ಲ ಅಷ್ಟೆ.