ಮೇಲಿನಿಂದ ನೋಡಿದ ಮೋಡ

ಟ್ರಂಕಿನ ಮುಚ್ಚಳ ತೆಗೆದದ್ದೇ ತಡ, ಸುಟ್ಟ ಕಾಗದದ ವಾಸನೆ ಮೂಗಿಗೆ ಬಡಿಯಿತು. ನಮ್ಮ ಪಕ್ಕದ ಬೀದಿಯ ಹುಡುಗಿಯೊಬ್ಬಳು ಹವಾಮಾನ ಹೇಗೆ ಬದಲಾಗುತ್ತ ಬಂದಿದೆ ಎಂದು ಸಂಶೋಧನೆ ಮಾಡುತ್ತಿದ್ದಾಳೆ. “ಅಜ್ಜಿ, ನೀವು ಕೆಲಸದಲ್ಲಿದ್ದಾಗಿನ ಹಳೇ ಸ್ಯಾಟಲೈಟ್ ಫೋಟೋ ಏನಾದ್ರೂ ಇಟ್ಕೊಂಡಿದೀರಾ?” ಎಂದು ಕೇಳಿದ್ದಳು. ಒಂದೇ ಒಂದು ಇತ್ತು. ಕಚೇರಿಯಲ್ಲಿ ರದ್ದಿಗೆ ಹಾಕುವಾಗ ಮೇಲಧಿಕಾರಿಯನ್ನು ಕೇಳಿ ತಂದಿಟ್ಟುಕೊಂಡದ್ದು. ಬಂಗಾಳ ಕೊಲ್ಲಿಯ ಮೇಲೆ ಮೋಡ ಸುರುಳಿ ಸುತ್ತಿಕೊಂಡು ಕೂತಿರುವ ಚಿತ್ರ. ಅಂಚುಗಳು ಕಂದಿವೆ, ಸುರುಳಿ ಮಾತ್ರ ಹಾಗೇ ಇದೆ. ಅದನ್ನು ನೋಡಿದರೆ ಸಾಕು, ನನ್ನ ಫಿಸಿಕ್ಸ್ ಮೇಷ್ಟ್ರು ಎದುರಿಗೆ ಬಂದು ನಿಲ್ಲುತ್ತಾರೆ.

ಪುಟ್ಟೇನಹಳ್ಳಿಯ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಹುಡುಗರಲ್ಲೂ ಯಾರೂ ಇರಲಿಲ್ಲ. ನಮ್ಮಪ್ಪ ಅವರೆಕಾಯಿ ಬೆಳೆದು ಜಯನಗರದ ಹೊಸ ಮನೆಗಳಿಗೆ ತಲೆಹೊರೆಯಲ್ಲಿ ಹೊತ್ತು ಮಾರುತ್ತಿದ್ದರು. ಮೇಷ್ಟ್ರ ಮನೆಗೂ ಕೊಡುತ್ತಿದ್ದರು, ಹಿತ್ತಲ ಬಾಗಿಲಲ್ಲಿ. ಆ ಮನೆಯ ಮುಂಬಾಗಿಲಿಗೆ ಯಾವ ಬಣ್ಣ ಬಳಿದಿದ್ದರು ಎಂಬುದು ಅಪ್ಪನಿಗೆ ಕೊನೆಯವರೆಗೂ ಗೊತ್ತಿರಲಿಲ್ಲ.

ಹವಾಮಾನ ನೋಡುವ ಉಪಗ್ರಹವೊಂದನ್ನು ಅಮೆರಿಕದವರು ಮೊದಲ ಬಾರಿಗೆ ಹಾರಿಸಿದ್ದ ಕಾಲ ಅದು. ಭೂಮಿಯನ್ನು ಮೇಲಿನಿಂದ ತೆಗೆದ ಚಿತ್ರ ಪತ್ರಿಕೆಯಲ್ಲಿ ಬಂದಿತ್ತು. ಮೇಷ್ಟ್ರು ಅದನ್ನು ಕತ್ತರಿಸಿ ತಂದು ಬೋರ್ಡಿಗೆ ಅಂಟಿಸಿದರು. ಮಸಿ ಮಸಿಯಾದ ಚಿತ್ರ. ಕೋಲಿನಿಂದ ಕಪ್ಪು ಭಾಗವನ್ನು ತೋರಿಸಿ, “ಇದೇ ಕಾರ್ಮೋಡ. ಬಿಳಿ ಇರೋದೆಲ್ಲ ಬರೀ ನೆಲ” ಎಂದರು.

ನಾನು ಚಿಕ್ಕವಳಿದ್ದಾಗ ಚಳಿಗಾಲದ ಬೆಳಗಿನಲ್ಲಿ ದನಗಳ ಜೊತೆ ತುರಹಳ್ಳಿ ಗುಡ್ಡ ಹತ್ತುತ್ತಿದ್ದೆ. ಕೆಳಗೆ ಮಂಜಿನೊಳಗೆ ನಡೆಯುವಾಗ ಎಲ್ಲ ಬೂದಿ ಬಣ್ಣ, ಮಬ್ಬುಮಬ್ಬು. ಗುಡ್ಡದ ನೆತ್ತಿಯಿಂದ ನೋಡಿದರೆ ಅದೇ ಮಂಜು ಬಿಸಿಲಿಗೆ ಅರಳಿದ ಹತ್ತಿಯ ಹಾಗೆ ಬೆಳ್ಳಗೆ... ಆ ನೆನಪಿನ ಧೈರ್ಯದಲ್ಲಿ ಎದ್ದು ನಿಂತೆ. “ಸಾರ್, ಬಿಸಿಲು ಮೋಡದ ಮೇಲ್ಗಡೆ ಬೀಳತ್ತಲ್ವಾ? ಮೇಲಿಂದ ನೋಡಿದ್ರೆ ಮೋಡಾನೇ ಬಿಳಿ ಕಾಣ್ಬೇಕು.”

ಮೇಷ್ಟ್ರು ಕೋಲನ್ನು ಮೇಜಿನ ಮೇಲಿಟ್ಟರು. “ನಿಮ್ಮಪ್ಪ ಮಾರೋ ಅವರೆಕಾಯಿ ಎಳೇದೋ ಬಲಿತಿದ್ದೋ, ಅಷ್ಟು ಹೇಳಮ್ಮ ಸಾಕು. ಮೋಡದ ಬಣ್ಣ ನಾನು ಹೇಳ್ತೀನಿ.”

ಇಡೀ ಕ್ಲಾಸು ಬೆಂಚು ಕುಟ್ಟಿ ನಕ್ಕಿತು. ಅವತ್ತಿನಿಂದ ನಾನು ಬಾಗಿಲಲ್ಲಿ ಕಂಡರೆ ಸಾಕು, “ಉಪಗ್ರಹ ಬಂತು ಕಣ್ರೋ, ದಾರಿ ಬಿಡ್ರೋ” ಎಂದು ಹುಡುಗರು ಕೂಗುವರು. ಡಿಗ್ರಿ ಮುಗಿಯುವ ತನಕ ನಾನು ಯಾವ ಕ್ಲಾಸಿನಲ್ಲೂ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೇಳಬೇಕಾದವು ಬೇಕಾದಷ್ಟಿದ್ದವು. ಅವೆಲ್ಲ ಗಂಟಲಲ್ಲೇ ಉಳಿದವು. ಆ ಮನುಷ್ಯ ನನ್ನಿಂದ ಕಿತ್ತುಕೊಂಡದ್ದು ಅದನ್ನು.

ಓದಿ ಪಾಸಾದೆ. ಹವಾಮಾನ ಕಚೇರಿಯಲ್ಲಿ ಕೆಲಸ ಸಿಕ್ಕಿತು, ಯಾರ ಶಿಫಾರಸೂ ಇಲ್ಲದೆ. ಆ ದಶಕ ಮುಗಿಯುವ ಹೊತ್ತಿಗೆ ನಮ್ಮಲ್ಲಿಗೆ ಚಿತ್ರ ಬರೆಯುವ ಯಂತ್ರವೊಂದು ಬಂತು. ಉಪಗ್ರಹದಿಂದ ಬಂದ ಚಿತ್ರವನ್ನು ದೂರದೂರಿನ ಕೇಂದ್ರದವರು ಹಿಡಿದು ರೇಡಿಯೋ ಮೂಲಕ ಕಳಿಸುವರು. ಇಲ್ಲಿ ಯಂತ್ರದ ಸೂಜಿ ಅತ್ತಿಂದಿತ್ತ ಓಡುತ್ತ ಕಾಗದವನ್ನು ಸುಡುತ್ತ ಗೆರೆಯ ಕೆಳಗೆ ಗೆರೆ ಎಳೆಯುವುದು. ಸುಟ್ಟಲ್ಲಿ ಕಡಲು, ಸುಡದೆ ಬಿಟ್ಟಲ್ಲಿ ಮೋಡ. ಆ ಯಂತ್ರ ನನ್ನ ಪಾಲಿಗೆ ಬಂದಿತ್ತು.

ಕಾರ್ತಿಕ ಮಾಸದ ಒಂದು ದಿನ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅದನ್ನು ನೋಡಲು ಬಂದರು. ಕೂದಲು ನರೆತಿತ್ತು. ಅವರಿಗೆ ನನ್ನ ಗುರುತು ಸಿಗಲಿಲ್ಲ. ಯಂತ್ರದಿಂದ ಈ ಸುರುಳಿಯ ಚಿತ್ರ ನಿಧಾನವಾಗಿ ಹೊರಬರುತ್ತಿತ್ತು. ಮೇಷ್ಟ್ರು ಬೆರಳಿಟ್ಟು ಪಾಠ ಶುರು ಮಾಡಿದರು.

“ನೋಡ್ರಪ್ಪ, ಬೆಳ್ಳಗಿರೋದೆಲ್ಲ ಮೋಡ. ಕೆಳಗೆ ನಿಂತೋನಿಗೆ ಕಪ್ಪು. ಆದ್ರೆ ಬಿಸಿಲು ಮೇಲ್ಗಡೆ ಬೀಳತ್ತಲ್ವಾ? ಮೇಲಿಂದ ನೋಡಿದ್ರೆ ಬಿಳಿ. ಇದನ್ನ ನಾನು ಮೊದಲಿಂದ್ಲೂ ಹೇಳ್ಕೊಂಡೇ ಬಂದಿದೀನಿ.”

ನನ್ನ ಮಾತು. ನನ್ನದೇ ಮಾತು, ಅವರ ಬಾಯಲ್ಲಿ.

ಹುಡುಗರು ಯಂತ್ರಕ್ಕೆ ಮುತ್ತಿಕೊಂಡಾಗ ಮೇಷ್ಟ್ರು ನನ್ನ ಪಕ್ಕಕ್ಕೆ ಸರಿದು ದನಿ ತಗ್ಗಿಸಿದರು. “ಏನಮ್ಮಾ, ಈ ಸುರುಳಿ ನಮ್ಮ ಕಡೆ ಏನಾದ್ರೂ ಬರತ್ತಾ? ನಾಡಿದ್ದು ಮಗಳ ಮದುವೆ. ಮನೆ ಮುಂದೆ ರಸ್ತೇಲೇ ಚಪ್ಪರ ಹಾಕ್ಸಿದೀನಿ. ರೇಡಿಯೋದಲ್ಲಿ ಮದರಾಸಿನ ಕಡೆಗೆ ಮಾತ್ರ ಅಂದ್ರು...”

ಬರುತ್ತದೆ ಎಂದು ನನಗೆ ಅನ್ನಿಸಿತ್ತು. ಹಿಂದಿನ ದಿನದ ಚಿತ್ರವನ್ನೂ ನೋಡಿದ್ದೆ, ಸುರುಳಿ ನಮ್ಮ ಕಡೆಗೇ ಸರಿಯುತ್ತಿತ್ತು. ಛತ್ರವನ್ನೋ ಶಾಲೆಯ ಹಜಾರವನ್ನೋ ಹುಡುಕಿಕೊಳ್ಳಲು ಅವರಿಗೆ ಇನ್ನೂ ಸಮಯವಿತ್ತು.

“ಹೇಳ್ತೀನಿ ಸಾರ್” ಎಂದೆ. “ಮೊದಲು ನೀವು ಈ ಹುಡುಗರಿಗೆ ಒಂದು ಮಾತು ಹೇಳಿ. ಮೇಲಿಂದ ನೋಡಿದ್ರೆ ಮೋಡ ಬಿಳಿ ಅಂತ ನಿಮಗೆ ಮೊದಲು ಹೇಳಿದ್ದು ಯಾರು? ಪುಟ್ಟೇನಹಳ್ಳಿ ಅವರೆಕಾಯಿಯವರ ಮಗಳು ಅಂದ್ಬಿಡಿ, ಸಾಕು.”

ಮೇಷ್ಟ್ರು ನನ್ನ ಮುಖವನ್ನೇ ನೋಡಿದರು. ಗುರುತು ಹತ್ತಿದ್ದು ಅವರ ಕಣ್ಣಲ್ಲೇ ಗೊತ್ತಾಯಿತು.

“ಏನಂತೆ ಸಾರ್? ಮಳೆ ಬರತ್ತಂತಾ?” ಹುಡುಗನೊಬ್ಬ ಕೇಳಿದ.

“ಏನಿಲ್ಲ, ನಡೀರಿ ನಡೀರಿ. ಬಸ್ಸು ತಪ್ಪತ್ತೆ.”

ಹೋದರು. ಪಕ್ಕದ ಕೋಣೆಯಲ್ಲಿ ನಮ್ಮ ಮೇಲಧಿಕಾರಿ ಕೂತಿದ್ದರು, ಅವರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ನಾನೂ ಹಿಂದೆ ಓಡಿಹೋಗಿ ಹೇಳಲಿಲ್ಲ. ಇವತ್ತು ಕೇಳಿದರೂ ಹೇಳುವುದಿಲ್ಲ.

ಮುಹೂರ್ತದ ದಿನ ಬೆಳಗಾಗುವಾಗಲೇ ಮಳೆ ಹಿಡಿದಿತ್ತು. ರಜೆ ಹಾಕಿ, ಕೊಡೆ ಹಿಡಿದು, ನೋಡಲೆಂದೇ ಜಯನಗರಕ್ಕೆ ಹೋದೆ. ಚಪ್ಪರದ ಗರಿಗಳು ನೀರು ಕುಡಿದು ಜೋತುಬಿದ್ದಿದ್ದವು. ಅಡಿಗೆಯವರು ಒಲೆಯ ಮೇಲೆ ತಗಡು ಹಿಡಿದುಕೊಂಡು ಯಾರನ್ನೋ ಬಯ್ಯುತ್ತಿದ್ದರು. ಎದುರು ಮನೆಯ ವರಾಂಡದಲ್ಲಿ ತಾಳಿ ಕಟ್ಟಿಸಿದರಂತೆ. ನೆನೆದ ಪಂಚೆಯನ್ನು ಎತ್ತಿ ಕಟ್ಟಿಕೊಂಡು ಓಡಾಡುತ್ತಿದ್ದ ಮೇಷ್ಟ್ರು ನನ್ನನ್ನು ಕಂಡು ಗಕ್ಕನೆ ನಿಂತರು. ಅಟ್ಟಿಬಿಡುತ್ತಾರೆ ಅಂದುಕೊಂಡೆ.

“ಯಾಕೆ ಮಳೇಲಿ ನಿಂತಿದೀಯಾ? ಬಾ, ಊಟ ಮಾಡ್ಕೊಂಡು ಹೋಗು” ಎಂದರು.

ಹೋದೆ, ಮೇಷ್ಟ್ರ ಮನೆಯ ಮುಂಬಾಗಿಲಿನಿಂದಲೇ. ಬಾಗಿಲಿಗೆ ಹಸಿರು ಬಣ್ಣ ಬಳಿದಿದ್ದರು. ನಡುಮನೆಯ ಸಾಲಿನಲ್ಲಿ ಕೂತು ಹೋಳಿಗೆಯನ್ನು ಎರಡು ಸಲ ಹಾಕಿಸಿಕೊಂಡು ತಿಂದೆ. ಪಾಯಸ ಬಡಿಸಲು ಮೇಷ್ಟ್ರೇ ಬಂದರು. ಎಲೆಯ ಮುಂದೆ ಬಗ್ಗಿದವರು ನನ್ನ ಕಿವಿಗಷ್ಟೇ ಕೇಳುವ ಹಾಗೆ ಅಂದರು: “ನೀನೇ ಕಣಮ್ಮ ಹೇಳಿದ್ದು.”

ಇಡೀ ಕ್ಲಾಸಿನ ಎದುರು ಮಾಡಿದ ಅವಮಾನಕ್ಕೆ ಒಂದು ಕಿವಿಯಲ್ಲಿ ಪಿಸುಮಾತು! ನಾನು ತಲೆಯೆತ್ತಿದೆ. “ಗಟ್ಟಿಯಾಗಿ ಹೇಳಿ ಸಾರ್. ಮಳೆ ಸದ್ದಲ್ಲಿ ಕೇಳಿಸ್ಲಿಲ್ಲ.”

ಮೇಷ್ಟ್ರು ನೆಟ್ಟಗಾದರು. “ಪಾಯಸ, ಪಾಯಸ...” ಎಂದು ಗಟ್ಟಿಯಾಗಿ ಕೂಗುತ್ತ ಮುಂದಿನ ಎಲೆಗೆ ಹೋದರು.

ಮುಂದೆ ನಾವು ಭೇಟಿಯಾಗಲಿಲ್ಲ. ತೀರಿಕೊಂಡರೆಂಬ ಸುದ್ದಿ ಬಂದಾಗ ನನಗೆ ಬಂದದ್ದು ಕೋಪ. ಇಷ್ಟು ಸುಲಭವಾಗಿ ತಪ್ಪಿಸಿಕೊಂಡರಲ್ಲ ಎಂದು. ಆ ಮನೆ ಈಗಿಲ್ಲ. ಅಲ್ಲೊಂದು ಬಟ್ಟೆ ಅಂಗಡಿ ಇದೆ. ಅಂದು ಬೆಂಚು ಕುಟ್ಟಿ ನಕ್ಕವರು ಯಾರು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ... ಮೇಷ್ಟ್ರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರು ನನ್ನ ಹೆಸರನ್ನು ಒಮ್ಮೆಯೂ ಕೇಳಿದವರಲ್ಲ.

ನಿನ್ನೆ ಆ ಹುಡುಗಿ ಬಂದು ಚಿತ್ರವನ್ನು ಬೆಳಕಿಗೆ ಹಿಡಿದಳು. “ಎಷ್ಟ್ ಚೆನ್ನಾಗಿದೆ ಅಜ್ಜಿ! ಬೆಳ್ಳಗಿರೋದೆಲ್ಲ ಮೋಡ” ಎಂದಳು, ಹುಟ್ಟುವಾಗಲೇ ಗೊತ್ತಿದ್ದ ಸಂಗತಿ ಎಂಬ ಹಾಗೆ. ಅದನ್ನು ಮೊದಲು ಹೇಳಿದವಳು ನಾನು ಎಂದು ಒಪ್ಪಿಕೊಂಡವರು ಒಬ್ಬರೇ ಇದ್ದರು. ಆ ಒಬ್ಬರೂ ಹೋದರು. ಅವರು ಇನ್ನೂ ಬದುಕಿರಬೇಕಿತ್ತು... ಕ್ಷಮಿಸುವುದಕ್ಕಲ್ಲ, ಗಟ್ಟಿಯಾಗಿ ಹೇಳಿಸುವುದಕ್ಕೆ.

ಚಿತ್ರವನ್ನು ಹುಡುಗಿ ತೆಗೆದುಕೊಂಡು ಹೋದಳು. ಟ್ರಂಕಿನಲ್ಲಿ ಸುಟ್ಟ ವಾಸನೆ ಹಾಗೇ ಇದೆ.